ಡಿಪ್‌ಸ್ಟಿಕ್ ಒಣಗಿದೆ ಅಂತ ಆಯಿಲ್ ಸುರಿಯಬೇಡಿ

ಪ್ರಶ್ನೆ: 1982ರ ಪೋರ್ಶೆ 911 ಎಸ್‌ಸಿ ಕೊಂಡು ಎರಡು ತಿಂಗಳಾಯಿತು. ಮೊನ್ನೆ ಬೆಳಿಗ್ಗೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿದರೆ ತುದಿಯಲ್ಲೂ ಆಯಿಲ್ ಇಲ್ಲ. ಹೆದರಿ ಎರಡು ಲೀಟರ್ ಸುರಿದೆ. ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಹಿಂದೆ ಹೊಗೆಯೋ ಹೊಗೆ, ಏರ್ ಫಿಲ್ಟರ್ ಪೂರ್ತಿ ಆಯಿಲ್. ಇಂಜಿನ್ ಹೋಯಿತಾ?

ಉತ್ತರ: ಇಲ್ಲ, ಬಹುಶಃ ಏನೂ ಆಗಿಲ್ಲ. ಮೊದಲ ಸಲ ನಾನೂ ಇದನ್ನೇ ಮಾಡಿ, ಒಂದು ಭಾನುವಾರ ಪೂರ್ತಿ ಬಟ್ಟೆ ಹಿಡಿದು ಒರೆಸುತ್ತಾ ಕೂತಿದ್ದೆ.

ಇದು ಡ್ರೈ ಸಂಪ್ ಇಂಜಿನ್. ಆಯಿಲ್ ಇಂಜಿನ್ನಿನ ಅಡಿಯಲ್ಲಿ ಉಳಿಯುವುದಿಲ್ಲ, ಬಲಗಡೆಯ ಹಿಂದಿನ ಚಕ್ರದ ಹಿಂದೆ ಅಡಗಿರುವ ಟ್ಯಾಂಕಿನಲ್ಲಿರುತ್ತದೆ. ಇಂಜಿನ್ ಓಡುವಾಗ ಕೆಳಗೆ ಬಿದ್ದ ಆಯಿಲನ್ನು ಪಂಪ್ ಎತ್ತಿ ಮತ್ತೆ ಟ್ಯಾಂಕಿಗೆ ಹಾಕುತ್ತಲೇ ಇರುತ್ತದೆ. ಗಾಡಿ ರಾತ್ರಿ ನಿಂತರೆ ಟ್ಯಾಂಕಿನದು ಮೆಲ್ಲಗೆ ಇಂಜಿನ್ ಒಳಗೆ ಇಳಿಯುತ್ತದೆ, ಹಾಗಾಗಿ ಬೆಳಿಗ್ಗೆ ಡಿಪ್‌ಸ್ಟಿಕ್ ಒಣಗಿ ಕಾಣುವುದು ಸಹಜ. ನೀವು ಅದರ ಮೇಲೆ ಎರಡು ಲೀಟರ್ ಸುರಿದಿರಿ, ಇಂಜಿನ್ ಹತ್ತಿದ ಮೇಲೆ ಎಲ್ಲವೂ ಟ್ಯಾಂಕಿಗೆ ಬಂತು, ಹಿಡಿಸಲಾರದ್ದು ಟ್ಯಾಂಕಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಏರ್ ಫಿಲ್ಟರ್ ಸೇರಿತು, ಅಲ್ಲಿಂದ ಸಿಲಿಂಡರಿಗೆ ಹೋಗಿ ಹೊಗೆಯಾಯಿತು. ಅಷ್ಟೇ.

ಟ್ಯಾಂಕಿನ ಕೆಳಗಿನ ಬೋಲ್ಟಿನಿಂದ ಹೆಚ್ಚಾದದ್ದನ್ನು ಇಳಿಸಿ, ಫಿಲ್ಟರ್ ಹೊಸದು ಹಾಕಿ. ಉಳಿದ ಹೊಗೆ ತಾನೇ ನಿಲ್ಲುತ್ತದೆ. ಇನ್ನು ಮೇಲೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ನೋಡಿ. ಹೌದು, ಆಫ್ ಮಾಡದೆ! ಡ್ಯಾಶ್‌ಬೋರ್ಡಿನ ಆಯಿಲ್ ಲೆವೆಲ್ ಮುಳ್ಳಿಗೂ ಇದೇ ನಿಯಮ. ಓಡಿಸುವಾಗ ಅದು ಸೊನ್ನೆಗೆ ಬಿದ್ದರೆ ಸುಮ್ನೆ ಗಾಬರಿಯಾಗಬೇಡಿ. ಆದರೆ ಪಕ್ಕದ ಆಯಿಲ್ ಪ್ರೆಶರ್ ಮುಳ್ಳು ಬಿದ್ದರೆ ತಕ್ಷಣ ನಿಲ್ಲಿಸಿ.

ಪ್ರಶ್ನೆ: ಇನ್ನೊಂದು ಎಸ್‌ಸಿ ಮಾರಾಟಕ್ಕಿದೆ, ವರ್ಷಗಳಿಂದ ಹೆಚ್ಚು ಓಡಿಸಿಲ್ಲವಂತೆ. ಕಿಲೋಮೀಟರ್ ಕಡಿಮೆ ಇದ್ದರೆ ಒಳ್ಳೆಯದೇ ಅಲ್ವಾ?

ಉತ್ತರ: ನನಗೆ ಹಾಗನ್ನಿಸುವುದಿಲ್ಲ. ನಿಂತಲ್ಲೇ ನಿಂತ ಗಾಡಿಯಲ್ಲಿ ಸೀಲ್‌ಗಳು ಒಣಗಿ ಬಿರಿಯುತ್ತವೆ, ಪೆಟ್ರೋಲ್ ಕೆಟ್ಟು, ಅದನ್ನು ಸಿಲಿಂಡರುಗಳಿಗೆ ಹಂಚುವ ಇಂಜೆಕ್ಷನ್ನಿನ ಫ್ಯುಯೆಲ್ ಡಿಸ್ಟ್ರಿಬ್ಯೂಟರ್ ಅಂಟಿಕೊಳ್ಳುತ್ತದೆ. ಟೈರಿನ ಅಂಚಿನಲ್ಲಿ ನಾಲ್ಕು ಅಂಕಿ ಇರುತ್ತವೆ, ತಯಾರಾದ ವಾರ ಮತ್ತು ವರ್ಷ. ಅದನ್ನು ಓದಿದರೆ ಮಾಲೀಕರ ಮಾತು ಎಷ್ಟು ನಿಜ ಅಂತ ಗೊತ್ತಾಗುತ್ತದೆ.

ಕೊಳ್ಳುವ ಮುಂಚೆ ಇಂಜಿನ್ನಿನ ಕೆಳಗಿನ ವಾಲ್ವ್ ಕವರ್ (ವಾಲ್ವ್‌ಗಳ ಮುಚ್ಚಳ) ಬಿಚ್ಚಿಸಿ ನೋಡಿ. ಮುರಿದ ಹೆಡ್ ಸ್ಟಡ್‌ನ (ಸಿಲಿಂಡರ್ ಹೆಡ್ ಬಿಗಿಯುವ ಉದ್ದ ಬೋಲ್ಟು) ತುಂಡು ಕೆಲವೊಮ್ಮೆ ಅಲ್ಲೇ ಬಿದ್ದಿರುತ್ತದೆ. ಅದು ಸಿಕ್ಕರೆ ಬೆಲೆ ಇಳಿಸಿ ಮಾತಾಡಿ, ಇಲ್ಲವೇ ಬಿಟ್ಟುಬಿಡಿ, ಯಾಕೆಂದರೆ ಇಂಜಿನ್ ಇಳಿಸದೆ ಸರಿಯಾದ ರಿಪೇರಿ ಆಗುವುದಿಲ್ಲ. ವಾಲ್ವ್ ನಡೆಸುವ ಚೈನನ್ನು ಬಿಗಿಯಾಗಿಡುವ ಚೈನ್ ಟೆನ್ಷನರ್ ಬದಲಾಗಿದೆಯಾ ಅಂತ ಬಿಲ್ ಸಮೇತ ಕೇಳಿ. ಎಸ್‌ಸಿ ನಂತರದ 911 ಆದ 1984ರ ಕರೇರಾ 3.2ರಲ್ಲಿ ಬಂದ, ಆಯಿಲ್ ಒತ್ತಡದಿಂದ ನಡೆಯುವ ಟೆನ್ಷನರನ್ನು ಎಸ್‌ಸಿಗೂ ಕೂಡಿಸಬಹುದು. ಹಳೆಯದು ಕೈಕೊಟ್ಟರೆ ಚೈನ್ ಸಡಿಲಾಗಿ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯಬಹುದು. ತುಕ್ಕಿನ ವಿಷಯಕ್ಕೆ ಬಂದರೆ, ಮೊದಲು ಬ್ಯಾಟರಿ ಎತ್ತಿ ಅದರ ಕೆಳಗೆ ಕೈಯಾಡಿಸಿ.