ನಿಯಮ ಬದಲಿಸಿದರೆ ಫಾರ್ಮುಲಾ ಒನ್ ರೇಸ್‌ಗಳ ಪೈಪೋಟಿ ಹೆಚ್ಚುತ್ತದೆಯೇ?

ಫಾರ್ಮುಲಾ ಒನ್‌ನಲ್ಲಿ ಕೆಲವು ವರ್ಷಗಳಿಗೊಮ್ಮೆ ನಿಯಮಗಳನ್ನು ಬದಲಿಸುತ್ತಲೇ ಇರುತ್ತಾರಲ್ಲ, ಅದರಿಂದ ಪೈಪೋಟಿ ನಿಜವಾಗಿಯೂ ಹೆಚ್ಚುತ್ತದೆಯೇ ಎಂದು ಕೇಳಿದ್ದೀರಿ. ಹೆಚ್ಚುತ್ತದೆ, ಆದರೆ ಎಲ್ಲ ನಿಯಮಗಳಿಗೂ ಆ ಶಕ್ತಿ ಇಲ್ಲ. ಕಾರಿನ ಹಿಂದೆ ಏಳುವ ಗಾಳಿಯನ್ನು ತಿಳಿಗೊಳಿಸುವ ನಿಯಮಕ್ಕೂ ತಂಡಗಳ ಖರ್ಚಿಗೆ ಮಿತಿ ಹಾಕುವ ನಿಯಮಕ್ಕೂ ಇದೆ. ಅವು ಫಲ ಕೊಡಲು ಎರಡು ಮೂರು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಎಲ್ಲರ ತಾಳ್ಮೆ ಮುಗಿದಿರುತ್ತದೆ ಎಂಬುದೇ ನನ್ನ ಕೊರಗು.

ಗಾಳಿಯ ಮಾತು ಅರ್ಥವಾಗಲು ಒಂದು ರೇಸ್ ನೆನಪಿಸಿಕೊಳ್ಳುತ್ತೇನೆ. 2009ರ ಆಗಸ್ಟ್ ಕೊನೆಯ ಭಾನುವಾರ, ಬೆಲ್ಜಿಯಂನ ಸ್ಪಾ ಟ್ರ್ಯಾಕ್. ನಮ್ಮಲ್ಲಿ ಸಂಜೆ ಐದೂವರೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಕಟ್ಟಿದ್ದ ಫೋರ್ಸ್ ಇಂಡಿಯಾ ತಂಡ ಅದುವರೆಗೆ ಒಂದೇ ಒಂದು ಅಂಕವನ್ನೂ ಗಳಿಸಿರಲಿಲ್ಲ. ಆ ತಂಡದ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಅಂದು ಎಲ್ಲರಿಗಿಂತ ಮುಂದೆ, ಪೋಲ್ ಸ್ಥಾನದಲ್ಲಿ ನಿಂತಿದ್ದರು. ಮನೆಯಲ್ಲಿ ಟಿ.ವಿ. ಮುಂದೆ ಕುಳಿತಿದ್ದ ನಾನು ಕಾಫಿ ಲೋಟವನ್ನು ಕೈಯಲ್ಲಿ ಹಿಡಿದು ಕುಡಿಯುವುದನ್ನೇ ಮರೆತಿದ್ದೆ. ಮೊದಲ ಸುತ್ತಿನ ಅಪಘಾತದಿಂದಾಗಿ, ಎಲ್ಲರನ್ನೂ ತನ್ನ ಹಿಂದೆ ನಿಧಾನವಾಗಿ ಸಾಗಿಸುವ ಸೇಫ್ಟಿ ಕಾರ್ ಬಂತು. ಅದು ಒಳಗೆ ಹೋಗಿ ರೇಸ್ ಮತ್ತೆ ಶುರುವಾದ ಕೂಡಲೇ ಫೆರಾರಿಯ ಕಿಮಿ ರೈಕೊನೆನ್ ಏರುದಾರಿಯ ನೇರ ರಸ್ತೆಯಲ್ಲಿ ಮುಂದೆ ನುಗ್ಗಿದರು. ಅವರ ಕಾರಿನಲ್ಲಿ ಕೆರ್ಸ್ ಇತ್ತು: ಬ್ರೇಕ್ ಹಾಕುವಾಗ ಉಳಿಸಿಕೊಂಡ ಶಕ್ತಿಯನ್ನು ಸುತ್ತಿಗೆ ಆರೇಳು ಸೆಕೆಂಡ್‌ಗಳ ಕಾಲ ಸುಮಾರು 80 ಅಶ್ವಶಕ್ತಿಯಾಗಿ ಮರಳಿ ಕೊಡುವ ಸಾಧನ. ಅದೇ ವರ್ಷ ನಿಯಮದಲ್ಲಿ ಒಪ್ಪಿಕೊಂಡಿದ್ದ ವ್ಯವಸ್ಥೆ ಅದು. ಫೋರ್ಸ್ ಇಂಡಿಯಾದ ಕಾರಿನಲ್ಲಿ ಅದು ಇರಲಿಲ್ಲ.

ಆಮೇಲಿನ ಸುತ್ತುಗಳಲ್ಲೆಲ್ಲ ಫಿಸಿಕೆಲ್ಲಾ ಫೆರಾರಿಯ ಬೆನ್ನು ಬಿಡಲಿಲ್ಲ. ಆದರೆ ದಾಟಲು ಆಗಲಿಲ್ಲ. ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವರಾಗಿ ಮುಗಿಸಿದರು. ಆ ಒಂದು ಸೆಕೆಂಡಿನ ಗೋಡೆ ಯಾವುದು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹೆದ್ದಾರಿಯಲ್ಲಿ ಬೈಕ್ ಓಡಿಸಿದವರಿಗೆ ಅರ್ಧ ಉತ್ತರ ಗೊತ್ತಿರುತ್ತದೆ. ಲಾರಿಯ ಹಿಂದೆ ಹೋಗುವಾಗ ಎದುರುಗಾಳಿ ತಟ್ಟನೆ ಇಲ್ಲವಾಗಿ ಬೈಕ್ ಹಗುರವಾಗಿ ಓಡುತ್ತದೆ. ಪಕ್ಕಕ್ಕೆ ಹೊರಳಿದ ಕೂಡಲೇ ಸುಳಿಗಾಳಿ ಹ್ಯಾಂಡಲನ್ನು ಹಿಡಿದು ಅಲುಗಿಸುತ್ತದೆ. ರೇಸ್ ಕಾರಿಗೆ ನೇರ ರಸ್ತೆಯಲ್ಲಿ ಆ ತೆರವು ವರದಾನ. ಆದರೆ ತಿರುವಿನಲ್ಲಿ ಆ ಕಾರು ನೆಲಕ್ಕೆ ಅಂಟಿಕೊಂಡಿರುವುದೇ ಗಾಳಿ ಅದನ್ನು ಕೆಳಕ್ಕೆ ಒತ್ತುವುದರಿಂದ. ಮುಂದಿನ ಕಾರು ಗಾಳಿಯನ್ನು ಕಲಕಿಬಿಟ್ಟರೆ ಹಿಂದಿನದಕ್ಕೆ ಆ ಒತ್ತಡ ಸಿಗುವುದಿಲ್ಲ, ಮುಂಭಾಗ ಜಾರುತ್ತದೆ, ಜಾರಿದ ಟೈರ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎಷ್ಟೇ ದೊಡ್ಡ ಚಾಲಕನಾದರೂ ಒಂದಷ್ಟು ಹಿಂದೆ ಸರಿಯಲೇಬೇಕಾಗುತ್ತದೆ. 2010ರ ಕೊನೆಯ ರೇಸ್ ಆದ ಅಬುಧಾಬಿಯಲ್ಲಿ ಫರ್ನಾಂಡೊ ಅಲೊನ್ಸೊ ಸುಮಾರು 40 ಸುತ್ತು ವಿಟಾಲಿ ಪೆಟ್ರೋವ್ ಅವರ ಹಿಂದೆ ಸಿಕ್ಕಿಕೊಂಡರು. ನಾಲ್ಕನೆಯವರಾಗಿ ಮುಗಿಸಿದ್ದರೂ ಸಾಕಿತ್ತು. ಏಳನೆಯವರಾಗಿ ಮುಗಿಸಿ ವಿಶ್ವ ಪ್ರಶಸ್ತಿಯನ್ನು ನಾಲ್ಕು ಅಂಕಗಳಿಂದ ಕಳೆದುಕೊಂಡರು.

ಮರುವರ್ಷವೇ ಡಿಆರ್‌ಎಸ್ ಬಂತು. ಮುಂದಿನ ಕಾರಿನಿಂದ ಒಂದು ಸೆಕೆಂಡಿನೊಳಗೆ ಇದ್ದರೆ, ಗೊತ್ತುಮಾಡಿದ ನೇರ ರಸ್ತೆಯಲ್ಲಿ ಹಿಂದಿನ ರೆಕ್ಕೆಯ ಒಂದು ಪಟ್ಟಿಯನ್ನು ತೆರೆದು ವೇಗ ಹೆಚ್ಚಿಸಿಕೊಳ್ಳಬಹುದಿತ್ತು. ಓವರ್‌ಟೇಕ್‌ಗಳ ಸಂಖ್ಯೆ ಏರಿತು ನಿಜ. ಆದರೆ ಎಷ್ಟೋ ಸಲ ಮುಂದಿದ್ದವನಿಗೆ ಎದುರಿಸುವ ಅವಕಾಶವೇ ಇರುತ್ತಿರಲಿಲ್ಲ. ಓವರ್‌ಟೇಕ್‌ನ ಸೊಗಸು ಇರುವುದು ಅದು ನಡೆದೀತೋ ಇಲ್ಲವೋ ಎಂಬ ತಳಮಳದಲ್ಲಿ. ಆ ತಳಮಳ ಇಲ್ಲದ ಕಡೆ ಎಣಿಕೆ ಎಷ್ಟಾದರೇನು?

ರೋಗದ ಮೂಲಕ್ಕೆ ಕೈಹಾಕಿದ್ದು 2022ರ ನಿಯಮ. ಕಾರಿನ ಮೇಲಿನ ರೆಕ್ಕೆಗಳನ್ನು ಸರಳಗೊಳಿಸಿ, ಒತ್ತಡದ ಹೆಚ್ಚಿನ ಪಾಲನ್ನು ಕಾರಿನ ತಳದ ಸುರಂಗಗಳಿಂದ ಪಡೆಯುವಂತೆ ಮಾಡಿದರು. ಮುಂದಿನ ಕಾರಿನ ಹಿಂದೆ ಹತ್ತು ಮೀಟರ್ ದೂರದಲ್ಲಿ ಹಳೆಯ ಕಾರು ಶೇ 46ರಷ್ಟು ಒತ್ತಡ ಕಳೆದುಕೊಳ್ಳುತ್ತಿತ್ತು. ಹೊಸದರಲ್ಲಿ ಅದು ಶೇ 18ಕ್ಕೆ ಇಳಿಯುತ್ತದೆ ಎಂಬುದು ನಿಯಮ ರೂಪಿಸಿದವರ ಲೆಕ್ಕ. ಆ ವರ್ಷ ವೇಗದ ತಿರುವುಗಳಲ್ಲಿ ಕಾರುಗಳು ಒಂದರ ಬಾಲ ಒಂದು ಹಿಡಿದು ಹೋಗುವುದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ಆದರೆ ಎಂಜಿನಿಯರ್‌ಗಳು ಸುಮ್ಮನೆ ಕೂರುವವರಲ್ಲ. ನಿಯಮ ಬರೆಯುವವರು ಬೆರಳೆಣಿಕೆಯಷ್ಟು, ಅದರಲ್ಲಿ ಸಂದು ಹುಡುಕುವವರು ನೂರಾರು ಮಂದಿ. 2009ರಲ್ಲಿಯೂ ಗಾಳಿ ತಿಳಿಯಾಗಲೆಂದೇ ರೆಕ್ಕೆಗಳನ್ನು ಬದಲಿಸಿದ್ದರು. ಕಾರಿನ ಹಿಂಬದಿಯ ತಳಕ್ಕೆ ಸಂಬಂಧಿಸಿದ ಒಂದು ಸಂದನ್ನು ಹಿಡಿದು ಬ್ರಾನ್ ತಂಡ ಕಾರನ್ನು ನೆಲಕ್ಕೆ ಇನ್ನಷ್ಟು ಒತ್ತುವ ಡಬಲ್ ಡಿಫ್ಯೂಸರ್ ಮಾಡಿತು. ಆ ತಂಡದ ಜೆನ್ಸನ್ ಬಟನ್ ಮೊದಲ ಏಳು ರೇಸ್‌ಗಳಲ್ಲಿ ಆರನ್ನು ಗೆದ್ದರು. 2022ರ ಕಾರುಗಳೂ ವರ್ಷದಿಂದ ವರ್ಷಕ್ಕೆ ಮತ್ತೆ ಗಾಳಿಯನ್ನು ಕಲಕತೊಡಗಿದವು. ಮುಂದಿನ ಕಾರನ್ನು ಹತ್ತಿರದಿಂದ ಹಿಂಬಾಲಿಸುವುದು ಕಷ್ಟವಾಗುತ್ತಿದೆ ಎಂದು ಚಾಲಕರೇ ದೂರಿದರು.

ಇನ್ನು ದುಡ್ಡಿನ ವಿಷಯ. 2021ರಿಂದ ತಂಡವೊಂದರ ವಾರ್ಷಿಕ ಖರ್ಚಿಗೆ 14.5 ಕೋಟಿ ಡಾಲರ್ ಮಿತಿ ಬಂತು. ಕಾರಿನ ಮಾದರಿಯ ಮೇಲೆ ಗಾಳಿ ಹಾಯಿಸಿ ನೋಡುವ ಗಾಳಿಸುರಂಗದ ಪರೀಕ್ಷೆಯಲ್ಲಿಯೂ ಹಂಚಿಕೆ ಬಂತು: ಮೊದಲ ಸ್ಥಾನದ ತಂಡಕ್ಕೆ ಅತಿ ಕಡಿಮೆ ಸಮಯ, ಕೊನೆಯದಕ್ಕೆ ಅತಿ ಹೆಚ್ಚು. ಹೀಗಿದ್ದೂ 2023ರಲ್ಲಿ ರೆಡ್‌ಬುಲ್ ತಂಡ 22 ರೇಸ್‌ಗಳಲ್ಲಿ 21 ಗೆದ್ದಿತು. ನಿಯಮಗಳು ಸೋತವು ಎಂದು ಎಲ್ಲರೂ ಬೊಬ್ಬೆ ಹಾಕಿದರು. ಯಾರೂ ಹೆಚ್ಚೇನೂ ಬದಲಿಸಲಿಲ್ಲ. 2024ರಲ್ಲಿ ಏಳು ಚಾಲಕರು ತಲಾ ಎರಡು ಅಥವಾ ಹೆಚ್ಚು ರೇಸ್ ಗೆದ್ದರು. ಹಿಂದಿನ ವರ್ಷದ ಮೊದಲ ರೇಸ್‌ನಲ್ಲಿ ಅಂಕವಿಲ್ಲದೆ ಮರಳಿದ್ದ ಮೆಕ್ಲಾರೆನ್, 1998ರ ನಂತರ ಮೊದಲ ಬಾರಿಗೆ ತಂಡ ಪ್ರಶಸ್ತಿ ಪಡೆಯಿತು. ನಿಯಮ ಅದೇ ಆಗಿದ್ದರೆ ಮುಂದಿರುವವನಿಗೆ ಹೊಸದಾಗಿ ಕಂಡುಹಿಡಿಯುವುದು ಕಡಿಮೆಯಾಗುತ್ತಾ ಬರುತ್ತದೆ, ಹಿಂದಿರುವವನು ಹತ್ತಿರ ಬರುತ್ತಾನೆ. 2012ರಲ್ಲಿ ಮೊದಲ ಏಳು ರೇಸ್‌ಗಳನ್ನು ಏಳು ಬೇರೆ ಬೇರೆ ಚಾಲಕರು ಗೆದ್ದಾಗಲೂ 2009ರ ನಿಯಮಗಳ ಚೌಕಟ್ಟೇ ಮುಂದುವರಿದಿತ್ತು.

ಫಲಿತಾಂಶವನ್ನೇ ಕಲಕಲು ಹೊರಟ ನಿಯಮಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2014ರ ಕೊನೆಯ ರೇಸ್‌ಗೆ ದುಪ್ಪಟ್ಟು ಅಂಕ ಕೊಟ್ಟರು, ಮರುವರ್ಷ ಕೈಬಿಟ್ಟರು. 2016ರಲ್ಲಿ ರೇಸ್ ಹೊರಡುವ ಕ್ರಮವನ್ನು ನಿರ್ಧರಿಸುವ ಅರ್ಹತಾ ಸುತ್ತಿನ ನಡುವೆಯೇ ಒಬ್ಬೊಬ್ಬರನ್ನು ಹೊರಹಾಕುವ ಪದ್ಧತಿ ತಂದರು, ಎರಡೇ ರೇಸ್‌ಗಳಲ್ಲಿ ಮುಗಿಯಿತು. 2025ರಲ್ಲಿ ಮೊನಾಕೊದಲ್ಲಿ ಎರಡು ಸಲ ಟೈರ್ ಬದಲಿಸುವುದನ್ನು ಕಡ್ಡಾಯ ಮಾಡಿದಾಗ ಕೆಲವು ತಂಡಗಳು ಒಂದು ಕಾರನ್ನು ಬೇಕೆಂದೇ ನಿಧಾನಗೊಳಿಸಿ, ಹಿಂದಿನವರನ್ನೆಲ್ಲ ತಡೆದು, ತಮ್ಮ ಇನ್ನೊಂದು ಕಾರಿಗೆ ಟೈರ್ ಬದಲಿಸುವ ಪಿಟ್‌ಗೆ ಹೋಗಿಬರುವಷ್ಟು ಅಂತರ ಮಾಡಿಕೊಟ್ಟವು. ಹೊರಟಾಗ ಮೊದಲ ನಾಲ್ಕು ಸ್ಥಾನಗಳಲ್ಲಿದ್ದವರೇ ಕೊನೆಗೂ ಅದೇ ಕ್ರಮದಲ್ಲಿ ಬಂದರು. ಎರಡು ಮೀಟರ್ ಅಗಲದ ಕಾರುಗಳನ್ನು ಆ ಓಣಿಯಂಥ ಬೀದಿಗಳಲ್ಲಿ ಓಡಿಸುತ್ತಾ ಟೈರ್ ಲೆಕ್ಕದಿಂದ ಪರಿಹಾರ ಹುಡುಕಿದರೆ ಹೀಗಾಗದೆ ಇನ್ನೇನಾದೀತು?

2026ರ ನಿಯಮಗಳು ಅಗಲವನ್ನು 1.9 ಮೀಟರಿಗೆ ಇಳಿಸಿವೆ, ತೂಕವನ್ನು ಸುಮಾರು 30 ಕಿಲೋ ಕಡಿಮೆ ಮಾಡಿವೆ, ಡಿಆರ್‌ಎಸ್ ಕೈಬಿಟ್ಟಿವೆ, ಶಕ್ತಿಯ ಅರ್ಧದಷ್ಟು ವಿದ್ಯುತ್ತಿನಿಂದ ಬರುವಂತೆ ಮಾಡಿವೆ. ಕಾರು ಚಿಕ್ಕದಾಗಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಎಂಜಿನ್ನನ್ನೂ ಗಾಳಿಯ ನಿಯಮಗಳನ್ನೂ ಒಟ್ಟಿಗೇ ಬದಲಿಸಿದ್ದು ಮಾತ್ರ ಸರಿಕಾಣಲಿಲ್ಲ. 2014ರಲ್ಲಿ ಹೊಸ ಎಂಜಿನ್ ಬಂದಾಗ ಮರ್ಸಿಡಿಸ್ ಸತತ ಎಂಟು ವರ್ಷ ತಂಡ ಪ್ರಶಸ್ತಿಯನ್ನು ಬಿಟ್ಟುಕೊಡಲಿಲ್ಲ.

ನೀವೇ ಪರೀಕ್ಷಿಸಬೇಕೆಂದಿದ್ದರೆ, ರೇಸ್ ನೋಡುವಾಗ ಓವರ್‌ಟೇಕ್‌ಗಳನ್ನು ಎಣಿಸಬೇಡಿ. ಪರದೆಯ ಎಡಗಡೆ ಕಾಣುವ ಅಂತರಗಳನ್ನು ನೋಡಿ. ವೇಗದ ತಿರುವುಗಳ ಸಾಲು ದಾಟಿ ಬಂದ ಮೇಲೂ ಹಿಂದಿನ ಕಾರು ಅರ್ಧ ಸೆಕೆಂಡಿನೊಳಗೇ ಉಳಿದಿದೆಯೇ, ನಾಲ್ಕಾರು ಸುತ್ತು ಹಾಗೆಯೇ ಉಳಿಯುತ್ತಿದೆಯೇ? ಅಂದು ಸ್ಪಾದಲ್ಲಿ ಫಿಸಿಕೆಲ್ಲಾಗೆ ಸಿಗದೇ ಹೋದದ್ದು ಅದೇ.