9ನೇ ತರಗತಿ ಮಗಳಿಗೆ ಭೂಮಿ–ಬಾಹ್ಯಾಕಾಶ ವಿಜ್ಞಾನದ ಆನ್‌ಲೈನ್ ಕೋರ್ಸ್: 18 ಸಾವಿರ ಕಟ್ಟಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಮಗಳು ಹಿರಿಯೂರಿನಲ್ಲಿ 9ನೇ ತರಗತಿ, ಕನ್ನಡ ಮಾಧ್ಯಮ. ಆಕಾಶ, ಉಪಗ್ರಹ, ಭೂಕಂಪ ಅಂದರೆ ಅವಳಿಗೆ ಪ್ರಾಣ. ‘ನಾಸಾ ಸರ್ಟಿಫಿಕೇಟ್ ಕೊಡಿಸ್ತೀವಿ’ ಅಂತ ಯಾರೋ ಒಂದು ಆನ್‌ಲೈನ್ ಕೋರ್ಸಿಗೆ 18 ಸಾವಿರ ಕೇಳಿದ್ದಾರೆ. ಕಟ್ಟಬಹುದಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಕಟ್ಟಬೇಡಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ನಮ್ಮ ಮಕ್ಕಳನ್ನು ಇಂಥ ಕೆಲವು ಕಾರ್ಯಕ್ರಮಗಳಿಗೆ ಸೇರಿಸಿ, ಅವರ ಜೊತೆಗೇ ಕೂತು ಮಾಡಿಸಿದ್ದೇನೆ. ಈ ವಿಷಯದಲ್ಲಿ ನಿಜವಾಗಿ ಚೆನ್ನಾಗಿರುವುದು ಬಹುಪಾಲು ಪುಕ್ಕಟೆಯಾಗಿಯೇ ಸಿಗುತ್ತದೆ. ದುಡ್ಡು ಕೊಡುವ ಮಾತು ಅದೆಲ್ಲ ಮುಗಿದ ಮೇಲೆ ಯೋಚಿಸಿದರೆ ಸಾಕು.

ಒಂದು ಕೋರ್ಸ್ ಒಳ್ಳೆಯದೋ ಅಲ್ಲವೋ ಅಂತ ತಿಳಿಯಲು ನಾನು ಕೇಳುವುದು ಒಂದೇ ಪ್ರಶ್ನೆ. ಅಲ್ಲಿ ಮಗು ಏನು ಕೆಲಸ ಮಾಡುತ್ತದೆ? ಸುಮ್ನೆ ವಿಡಿಯೋ ನೋಡಿ, ಕೊನೆಯಲ್ಲಿ ಸರಿ ಉತ್ತರಕ್ಕೆ ಟಿಕ್ ಹಾಕುವುದಾದರೆ ಅದಕ್ಕೆ ಯೂಟ್ಯೂಬೇ ಸಾಕು. ದೂರದರ್ಶಕ ತೆಗೆದ ನಿಜವಾದ ಚಿತ್ರವನ್ನೋ ಉಪಗ್ರಹದ ಮಾಹಿತಿಯನ್ನೋ ಕೈಗೆ ಕೊಟ್ಟು, ‘ಇದರಲ್ಲಿ ಏನು ಕಾಣುತ್ತೆ, ನೀನೇ ಹೇಳು’ ಅನ್ನುವ ಕಾರ್ಯಕ್ರಮವಾದರೆ ಕಣ್ಣು ಮುಚ್ಚಿ ಸೇರಿಸಿ.

ಅಂಥದ್ದರಲ್ಲಿ ನಾನು ಮೊದಲು ಹೇಳುವುದು ಕ್ಷುದ್ರಗ್ರಹ, ಅಂದರೆ ಗ್ರಹಗಳ ಹಾಗೆಯೇ ಸೂರ್ಯನನ್ನು ಸುತ್ತುವ ಚಿಕ್ಕ ಕಲ್ಲಿನ ಕಾಯ, ಹುಡುಕುವ ಕಾರ್ಯಕ್ರಮ. ಹೆಸರು ಇಂಟರ್‌ನ್ಯಾಷನಲ್ ಆಸ್ಟ್ರನಾಮಿಕಲ್ ಸರ್ಚ್ ಕೊಲ್ಯಾಬೊರೇಷನ್, ಚಿಕ್ಕದಾಗಿ ಐಎಎಸ್‌ಸಿ. ಅಮೆರಿಕದ ಟೆಕ್ಸಾಸ್‌ನ ಹಾರ್ಡಿನ್–ಸಿಮನ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ನಾಸಾದ ಸಹಭಾಗಿತ್ವ ಇದೆ. ಸೇರಲು ಶುಲ್ಕ ಇಲ್ಲ. ಒಬ್ಬ ಶಿಕ್ಷಕರು ಅಥವಾ ಹಿರಿಯರು ಮುಂದೆ ನಿಂತು ಒಂದು ತಂಡ ಕಟ್ಟಬೇಕು, ಅರ್ಜಿ ಹಾಕಬೇಕು. ಒಂದೊಂದು ಸುತ್ತು ಸುಮಾರು ಒಂದು ತಿಂಗಳು ನಡೆಯುತ್ತದೆ.

ಅಲ್ಲಿ ಏನು ಮಾಡಿಸುತ್ತಾರೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ‘ಮಕ್ಕಳು ಕ್ಷುದ್ರಗ್ರಹ ಕಂಡುಹಿಡಿದರು’ ಅಂತ ಪೇಪರಿನಲ್ಲಿ ಬರುತ್ತದೆ, ಹೇಗೆ ಅಂತ ಯಾರೂ ಬರೆಯುವುದಿಲ್ಲ.

ಹವಾಯಿಯ ಹಲೆಅಕಲಾ ಬೆಟ್ಟದ ಮೇಲೆ ಪ್ಯಾನ್‌–ಸ್ಟಾರ್ಸ್ ಅಂತ 1.8 ಮೀಟರ್ ಕನ್ನಡಿಯ ದೂರದರ್ಶಕ ಇದೆ. ಬೇರೆ ಯಾವುದೋ ನಕ್ಷತ್ರದ ಕಡೆಯಿಂದ ನಮ್ಮ ಸೌರವ್ಯೂಹಕ್ಕೆ ಬಂದುಹೋದ ಔಮುಅಮುಅ ಎಂಬ ವಸ್ತು ಮೊದಲು ಕಂಡದ್ದು ಇದರ ಕಣ್ಣಿಗೇ, 2017ರಲ್ಲಿ. ಇದು ಆಕಾಶದ ಒಂದೇ ಜಾಗದ ಚಿತ್ರವನ್ನು ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ನಾಲ್ಕು ಸಲ ತೆಗೆಯುತ್ತದೆ. ಆ ನಾಲ್ಕು ಚಿತ್ರ ನಿಮ್ಮ ಮಗಳ ತಂಡಕ್ಕೆ ಬರುತ್ತದೆ. ಆಸ್ಟ್ರೊಮೆಟ್ರಿಕಾ ಎಂಬ ಸಾಫ್ಟ್‌ವೇರ್‌ನಲ್ಲಿ ಅವನ್ನು ತೆರೆದು, ಒಂದರ ಹಿಂದೆ ಒಂದು ಮಿನುಗುವಂತೆ ಓಡಿಸಬೇಕು. ಬೂದು ಬಣ್ಣದ ಪರದೆ, ತುಂಬ ಚುಕ್ಕೆಗಳು. ನಕ್ಷತ್ರಗಳೆಲ್ಲ ಇದ್ದಲ್ಲೇ ಇರುತ್ತವೆ. ಕ್ಷುದ್ರಗ್ರಹ ನಕ್ಷತ್ರಗಳಿಗಿಂತ ನಮಗೆ ತುಂಬ ಹತ್ತಿರ ಇರುವುದರಿಂದ ಅಷ್ಟು ಹೊತ್ತಿನಲ್ಲೇ ಸ್ವಲ್ಪ ಸರಿದಿರುತ್ತದೆ. ಅಷ್ಟೂ ಚುಕ್ಕೆಗಳ ನಡುವೆ ಒಂದೇ ಒಂದು ಚುಕ್ಕೆ ಇರುವೆ ಹರಿದ ಹಾಗೆ ಹೋಗುವುದು ಕಣ್ಣಿಗೆ ಬಿದ್ದರೆ ಮಕ್ಕಳು ಕುರ್ಚಿ ಬಿಟ್ಟು ಏಳುತ್ತಾರೆ.

ಆಮೇಲೆ ಶುರುವಾಗುವುದು ನಿಜವಾದ ಕಲಿಕೆ. ಸರಿಯುವ ಚುಕ್ಕೆಗಳೆಲ್ಲ ಕ್ಷುದ್ರಗ್ರಹ ಅಲ್ಲ. ಕ್ಯಾಮೆರಾದ ದೋಷದಿಂದಲೂ ಚುಕ್ಕೆ ಬೀಳುತ್ತದೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಕ್ಯಾಮೆರಾಕ್ಕೆ ಬಡಿದರೂ ಬೀಳುತ್ತದೆ. ಹಾಗಾಗಿ ಮಗು ಒಂದೊಂದನ್ನೂ ವಿಚಾರಣೆ ಮಾಡಬೇಕು. ಇದು ನೇರ ಗೆರೆಯಲ್ಲಿ ಹೋಗುತ್ತಿದೆಯಾ? ಒಂದೇ ವೇಗದಲ್ಲಾ? ಎಲ್ಲ ಚಿತ್ರದಲ್ಲೂ ಹೊಳಪು ಹೆಚ್ಚುಕಡಿಮೆ ಅಷ್ಟೇ ಇದೆಯಾ? ಚುಕ್ಕೆಯ ಮೇಲೆ ಕ್ಲಿಕ್ ಮಾಡಿದರೆ ಬೆಳಕಿನ ಒಂದು ಗ್ರಾಫ್ ಬರುತ್ತದೆ. ನಿಜವಾದ ವಸ್ತುವಾದರೆ ಅದು ಗುಡ್ಡದ ಆಕಾರದಲ್ಲಿ ನುಣ್ಣಗೆ ಏರಿ ಇಳಿಯುತ್ತದೆ. ದೋಷವಾದರೆ ಸಾಮಾನ್ಯವಾಗಿ ಸೂಜಿಯಂತೆ ಚೂಪಾಗಿ ನಿಲ್ಲುತ್ತದೆ. ನಮ್ಮ ಶಾಲೆಯ ಒಬ್ಬ ಹುಡುಗಿ ಒಂದು ಚುಕ್ಕೆಯನ್ನು ಹಿಡಿದು, ‘ಸರ್, ಮೂರು ಚಿತ್ರದಲ್ಲಿದೆ, ನಾಲ್ಕನೇದರಲ್ಲಿ ಇಲ್ಲ’ ಅಂತ ಪೇಚಾಡುತ್ತಿದ್ದಳು. ಅದು ಹೋಗಬೇಕಾದ ಜಾಗವನ್ನು ದೊಡ್ಡದು ಮಾಡಿ ನೋಡಿದರೆ ಸರಿಯಾಗಿ ಅಲ್ಲೇ ಒಂದು ಪ್ರಖರ ನಕ್ಷತ್ರ ಇತ್ತು. ಚುಕ್ಕೆ ಅದರ ಬೆಳಕಿನಲ್ಲಿ ಮುಳುಗಿಹೋಗಿತ್ತು. ಅವಳೇ ಅದನ್ನು ಕಂಡುಕೊಂಡಳು, ನಾನು ಹೇಳಿಕೊಟ್ಟಿದ್ದಲ್ಲ. ಅದು ಹೊಸ ಕ್ಷುದ್ರಗ್ರಹ ಆಗಿರಲಿಲ್ಲ, ಮೊದಲೇ ಪಟ್ಟಿಯಲ್ಲಿದ್ದದ್ದು. ಆದರೂ ಆ ಮಗು ಯೋಚಿಸಿದ ರೀತಿ ನನಗೆ ಯಾವ ಸರ್ಟಿಫಿಕೇಟಿಗಿಂತ ಜಾಸ್ತಿ ಅನ್ನಿಸಿತು.

ಸರ್ಟಿಫಿಕೇಟ್ ವಿಷಯಕ್ಕೆ ಬಂದರೆ, ಈ ಕಾರ್ಯಕ್ರಮದಲ್ಲಿ ಕೆಲಸ ಮಾಡಿ ವರದಿ ಕಳಿಸಿದ ತಂಡಗಳಿಗೆ ಅದು ಸಿಗುತ್ತದೆ, ಪುಕ್ಕಟೆಯಾಗಿ. ನಡುವೆ ನಿಂತು ಇದಕ್ಕೇ ದುಡ್ಡು ತೆಗೆದುಕೊಳ್ಳುವವರೂ ಇದ್ದಾರೆ. ಮಾರ್ಗದರ್ಶನಕ್ಕೆ ಅಂತ ಒಂದಷ್ಟು ತೆಗೆದುಕೊಂಡರೆ ಅದು ಅವರ ಶ್ರಮ, ತಪ್ಪು ಅನ್ನುವುದಿಲ್ಲ. ಆದರೆ ‘ನಾಸಾ ಕೋರ್ಸ್’ ಅಂತ ಹೇಳಿ ಸಾವಿರಗಟ್ಟಲೆ ಕೇಳಿದರೆ ನೇರವಾಗಿ ಕೇಳಿಬಿಡಿ: ಇದನ್ನು ನಡೆಸುವವರು ಯಾರು, ಸರ್ಟಿಫಿಕೇಟಿಗೆ ಸಹಿ ಯಾರದ್ದು, ಮಗು ಕೈಯಾರೆ ಮಾಡುವ ಕೆಲಸ ಯಾವುದು? ಉತ್ತರ ತೊದಲಿದರೆ ಅಲ್ಲಿಗೆ ಬಿಟ್ಟುಬಿಡಿ.

‘ಕಂಡುಹಿಡಿದರು’ ಅನ್ನುವುದರ ಅರ್ಥವನ್ನೂ ಮಗಳಿಗೆ ಮೊದಲೇ ಹೇಳಿ. 2020ರಲ್ಲಿ ಸೂರತ್‌ನ 10ನೇ ತರಗತಿಯ ಇಬ್ಬರು ಹುಡುಗಿಯರು ಇದೇ ಕಾರ್ಯಕ್ರಮದಲ್ಲಿ ಒಂದು ಹೊಸ ಕ್ಷುದ್ರಗ್ರಹವನ್ನು ಗುರುತಿಸಿ ಸುದ್ದಿಯಾದರು. ಹೆಮ್ಮೆಯ ಸಂಗತಿಯೇ. ಆದರೆ ಮೊದಲ ಹೆಜ್ಜೆಯಲ್ಲಿ ಅದನ್ನು ‘ಪ್ರಾಥಮಿಕ ಗುರುತಿಸುವಿಕೆ’ ಅಂತ ಮಾತ್ರ ಅನ್ನುತ್ತಾರೆ. ಆಮೇಲೆ ಬೇರೆ ದೂರದರ್ಶಕಕ್ಕೂ ಅದು ಕಾಣಬೇಕು. ಕ್ಷುದ್ರಗ್ರಹಗಳ ಲೆಕ್ಕ ಇಡುವ, ಅಮೆರಿಕದ ಕೇಂಬ್ರಿಡ್ಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್ ತಾತ್ಕಾಲಿಕ ಗುರುತು ಕೊಡಬೇಕು. ಕಕ್ಷೆ ಖಚಿತವಾಗಿ ಕಾಯಂ ಸಂಖ್ಯೆ ಸಿಗಲು ವರ್ಷಗಟ್ಟಲೆ ಹಿಡಿಯುತ್ತದೆ. ಹೆಸರಿಡುವ ಮಾತು ಅದಾದ ಮೇಲೆ. ಇಷ್ಟು ಗೊತ್ತಿದ್ದರೆ ಮಗು ಬೇಜಾರು ಮಾಡಿಕೊಳ್ಳುವುದಿಲ್ಲ.

ಒಂದು ತೊಡಕಿದೆ. ಆ ಸಾಫ್ಟ್‌ವೇರ್ ವಿಂಡೋಸ್ ಕಂಪ್ಯೂಟರ್‌ನಲ್ಲಿ ಓಡುವಂಥದ್ದು, ಮೊಬೈಲಿನಲ್ಲಿ ಆಗುವುದಿಲ್ಲ. ಮನೆಯಲ್ಲಿ ಇಲ್ಲದಿದ್ದರೆ ಶಾಲೆಯ ಲ್ಯಾಬ್ ಕೇಳಿ. ಹಳೆಯ ಕಂಪ್ಯೂಟರ್ ಆದರೂ ನಡೆಯುತ್ತದೆ.

ಬರೀ ಮೊಬೈಲ್ ಇದ್ದರೆ ಭೂಮಿಯ ಕಡೆಯಿಂದ ಶುರು ಮಾಡಬಹುದು. ನಾಸಾ ಬೆಂಬಲದ ಗ್ಲೋಬ್ ಅಬ್ಸರ್ವರ್ ಆ್ಯಪ್ ಇದೆ, ಅದರಲ್ಲಿ ಮೋಡ ನೋಡಿ ವರದಿ ಮಾಡುವ ಭಾಗ. ಅಂಗಳದಲ್ಲಿ ನಿಂತು ಆಕಾಶದ ಎಷ್ಟು ಭಾಗ ಮುಚ್ಚಿದೆ, ಯಾವ ಥರದ ಮೋಡ, ಬೆಳಕು ದಾಟುತ್ತಿದೆಯಾ ಅಂತ ಬರೆಯಬೇಕು. ನಾಲ್ಕು ದಿಕ್ಕು, ಮೇಲೆ, ಕೆಳಗೆ ಫೋಟೋ ತೆಗೆಯಬೇಕು. ಅದೇ ಹೊತ್ತಿಗೆ ಉಪಗ್ರಹ ನಿಮ್ಮ ಊರಿನ ಮೇಲೆ ನೋಡಿದ್ದರೆ, ಅದು ಕಂಡದ್ದನ್ನೂ ನೀವು ಕಂಡದ್ದನ್ನೂ ಅಕ್ಕಪಕ್ಕ ಇಟ್ಟು ಇಮೇಲ್ ಕಳಿಸುತ್ತಾರೆ. ಎರಡೂ ಒಂದೇ ಥರ ಇರದಿದ್ದಾಗಲೇ ಮಜಾ. ಉಪಗ್ರಹ ಮೇಲಿನಿಂದ ನೋಡುತ್ತದೆ, ಅದಕ್ಕೆ ಮೊದಲು ಸಿಗುವುದು ಎತ್ತರದ ಮೋಡ. ನಮಗೆ ಕಾಣುವುದು ಕೆಳಗಿನದು. ಮುಂಗಾರಿನ ದಿನ ಹೊರಗೆ ಬಂದು ನಿಂತರೆ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ. ನೆಲದಲ್ಲಿ ನಿಂತು ನೋಡುವ ಮಗುವಿನ ಮಾತು ವಿಜ್ಞಾನಿಗಳಿಗೆ ಯಾಕೆ ಬೇಕು ಅನ್ನುವುದೂ ಆಗಲೇ ಗೊತ್ತಾಗುತ್ತದೆ.

ಇನ್ನು ನಮ್ಮ ಇಸ್ರೋ. ಡೆಹ್ರಾಡೂನ್‌ನಲ್ಲಿರುವ ಇಸ್ರೋದ ದೂರಸಂವೇದಿ (ಅಂದರೆ ಉಪಗ್ರಹದಂಥ ದೂರದ ಕಣ್ಣಿನಿಂದ ಭೂಮಿಯನ್ನು ನೋಡಿ ತಿಳಿಯುವ) ಸಂಸ್ಥೆ ಐಐಆರ್‌ಎಸ್ ಉಚಿತ ಆನ್‌ಲೈನ್ ಕೋರ್ಸ್ ನಡೆಸುತ್ತದೆ. ಕೆಲವನ್ನು ಶಾಲಾ ಮಕ್ಕಳಿಗೆಂದೇ ಮಾಡಿದ್ದಾರೆ. ಅವು ಪಾಠದ ರೂಪದಲ್ಲಿವೆ, ಆದರೆ ಪಾಠ ಹೇಳುವವರು ಆ ಕೆಲಸ ಮಾಡುವವರೇ. ಅದರ ಜೊತೆಗೆ ಇಸ್ರೋದ ಭುವನ್ ನಕ್ಷೆ ತೆರೆದು ವಾಣಿವಿಲಾಸ ಸಾಗರವನ್ನು ಮೇಲಿನಿಂದ ನೋಡಲು ಹೇಳಿ. ತಾನು ಕಣ್ಣಾರೆ ಕಂಡ ಕೆರೆ, ಅಣೆಕಟ್ಟು ಉಪಗ್ರಹದ ಚಿತ್ರದಲ್ಲಿ ಹೇಗಿದೆ ಅಂತ ನೋಡುವ ಮಗುವಿಗೆ ದೂರಸಂವೇದನೆಯ ಪಾಠ ಬೇಗ ಹತ್ತುತ್ತದೆ.

ಯುವಿಕಾ ಅಂತೂ ನಿಮ್ಮ ಮಗಳು ಬಿಡಲೇಬಾರದು. 2019ರಲ್ಲಿ ಶುರುವಾದ ಇಸ್ರೋ ಕಾರ್ಯಕ್ರಮ ಇದು, 9ನೇ ತರಗತಿಯ ಮಕ್ಕಳಿಗೆ ಮಾತ್ರ. ಅರ್ಜಿ ಆನ್‌ಲೈನ್, ತರಬೇತಿ ಇಸ್ರೋ ಕೇಂದ್ರದಲ್ಲೇ, ಬೇಸಿಗೆ ರಜೆಯಲ್ಲಿ ಸುಮಾರು ಎರಡು ವಾರ. ಖರ್ಚು ಅವರದೇ. 8ನೇ ತರಗತಿಯ ಅಂಕ, ಆನ್‌ಲೈನ್ ಕ್ವಿಜ್, ವಿಜ್ಞಾನ ಮೇಳ ಎಲ್ಲಕ್ಕೂ ಅಂಕ ಇದೆ. ಹಳ್ಳಿ ಶಾಲೆಯ ಮಕ್ಕಳಿಗೆ ಪ್ರತ್ಯೇಕ ಆದ್ಯತೆ ಇದೆ. ಮುಂದಿನ ವರ್ಷ ನೋಡೋಣ ಅಂದರೆ ಅವಕಾಶ ಹೋಯಿತು. ಜನವರಿಯಿಂದಲೇ ಇಸ್ರೋ ಜಾಲತಾಣದ ಮೇಲೆ ಕಣ್ಣಿಟ್ಟಿರಿ.

ಕಲ್ಲು, ಭೂಕಂಪ, ಸಮುದ್ರ, ಹವಾಮಾನ, ಆಕಾಶ ಎಲ್ಲ ಒಟ್ಟಿಗೆ ಬರುವ ಜಾಗ ಭೂವಿಜ್ಞಾನ ಒಲಿಂಪಿಯಾಡ್ ಎಂಬ ವಿದ್ಯಾರ್ಥಿಗಳ ಸ್ಪರ್ಧೆ. ನಮ್ಮ ಶಾಲೆಗಳಲ್ಲಿ ಶಿಲೆ, ವಾಯುಮಂಡಲ ಸಮಾಜ ವಿಜ್ಞಾನದ ಪುಸ್ತಕಕ್ಕೆ ಹೋಗುತ್ತದೆ, ನಕ್ಷತ್ರ ವಿಜ್ಞಾನದ ಪುಸ್ತಕಕ್ಕೆ. ಹೀಗೆ ಹರಿದು ಹಂಚಿರುವುದು ನನಗೆ ತುಂಬ ದಿನದಿಂದ ಇರುವ ನೋವು. ಒಲಿಂಪಿಯಾಡಿನಲ್ಲಿ ಅದೆಲ್ಲ ಒಂದೇ ವಿಷಯ. ಭಾರತದ ಸುತ್ತನ್ನು ನಡೆಸುತ್ತಾ ಬಂದಿರುವುದು ಬೆಂಗಳೂರಿನ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ. 2013ರಲ್ಲಿ ಅಂತರರಾಷ್ಟ್ರೀಯ ಸುತ್ತು ನಮ್ಮ ಮೈಸೂರಿನಲ್ಲೇ ನಡೆದಿತ್ತು. ಅಲ್ಲಿ ಬೇರೆ ಬೇರೆ ದೇಶದ ಮಕ್ಕಳನ್ನು ಒಂದೇ ತಂಡಕ್ಕೆ ಸೇರಿಸಿ ಬಯಲಿನಲ್ಲಿ ಅಧ್ಯಯನ ಮಾಡಿಸುವ ಒಂದು ಭಾಗ ಇರುತ್ತದೆ. ನನಗೆ ಅದು ತುಂಬ ಇಷ್ಟ.

ಬಯಲು ಅಂದಮೇಲೆ, ನೀವು ಇರುವ ಜಾಗದ ಬಗ್ಗೆ ಹೇಳದೆ ಇರಲಾರೆ. ಹಿರಿಯೂರಿನಿಂದ ಚಿತ್ರದುರ್ಗದ ಕಡೆ ಹೋದರೆ ಐಮಂಗಲದ ಹತ್ತಿರ ಮರಡಿಹಳ್ಳಿ ಇದೆ. ಅಲ್ಲಿಯ ದಿಂಬಿನಾಕಾರದ ಲಾವಾ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನ ಅಡಿಯಲ್ಲಿ ಲಾವಾ ಉಕ್ಕಿ, ಮೈಯೆಲ್ಲ ತಟ್ಟನೆ ತಣ್ಣಗಾಗಿ ಒಂದರ ಮೇಲೊಂದು ಉಂಡೆಯಾಗಿ ನಿಂತದ್ದು. ಅಂದರೆ ಇವತ್ತು ಮಳೆಗೆ ಬಾಯಿ ಬಿಡುವ ಆ ಬಯಲುಸೀಮೆ ಒಂದು ಕಾಲಕ್ಕೆ ನೀರಿನ ತಳ. ಮಗಳನ್ನು ಕರೆದುಕೊಂಡು ಹೋಗಿ. ಉಂಡೆಗಳ ಅಂಚನ್ನು ಹತ್ತಿರದಿಂದ ನೋಡಲಿ, ಚಿತ್ರ ಬರೆದುಕೊಳ್ಳಲಿ. ಕಲ್ಲು ಒಡೆಯುವುದು, ಚೂರು ತರುವುದು ಮಾತ್ರ ಬೇಡ.

ಹುಡುಕಾಟದಲ್ಲಿ ‘ಸೀಸ್’ ಅನ್ನುವ ಹೆಸರೂ ನಿಮಗೆ ಸಿಗಬಹುದು. ಟೆಕ್ಸಾಸ್ ವಿಶ್ವವಿದ್ಯಾಲಯ ನಾಸಾ ಜೊತೆ ಹೈಸ್ಕೂಲ್ ಮಕ್ಕಳಿಗೆ ನಡೆಸುವ ಬೇಸಿಗೆ ಇಂಟರ್ನ್‌ಶಿಪ್ ಅದು, ಆನ್‌ಲೈನ್ ಪಾಠವೂ ಇದೆ. ಚೆನ್ನಾಗಿದೆ, ಆದರೆ ಅಮೆರಿಕದ ಪೌರತ್ವ ಬೇಕು. ಅಲ್ಲಿರುವ ನೆಂಟರ ಮಕ್ಕಳಿಗೆ ಬೇಕಾದರೆ ಹೇಳಿ.

ಕನ್ನಡ ಮಾಧ್ಯಮ ಅನ್ನುವ ಅಳುಕು ನಿಮ್ಮ ಪ್ರಶ್ನೆಯಲ್ಲಿ ಕಂಡಿತು. ಇವೆಲ್ಲ ಇಂಗ್ಲಿಷಿನಲ್ಲಿವೆ, ನಿಜ. ಆದರೆ ಚಿತ್ರ ನೋಡಿ ಮಾಡುವ ಕೆಲಸಕ್ಕೆ ಬೇಕಾಗುವ ಪದಗಳು ಸ್ವಲ್ಪವೇ, ಮತ್ತೆ ಮತ್ತೆ ಅವೇ ಬರುತ್ತವೆ. ನಮ್ಮ ಮಕ್ಕಳು ಪುಸ್ತಕದಲ್ಲಿ ಕನ್ನಡದಲ್ಲೇ ಬರೆದುಕೊಂಡು, ವರದಿಯನ್ನು ಮಾತ್ರ ಇಂಗ್ಲಿಷಿನಲ್ಲಿ ತುಂಬುತ್ತಾರೆ. ಇಂಗ್ಲಿಷ್ ಪಾಠಕ್ಕೆ ಅಂಜುವ ಮಕ್ಕಳೂ ಇಲ್ಲಿ ಹಿಂದೆ ಬಿದ್ದದ್ದನ್ನು ನಾನು ಕಂಡಿಲ್ಲ.

ಹಾಗಾಗಿ ಈ ವಾರ ಮೋಡದ ಆ್ಯಪ್ ಹಾಕಿಕೊಡಿ. ಕ್ಷುದ್ರಗ್ರಹದ ತಂಡಕ್ಕೆ ಇನ್ನೂ ಕೆಲವು ಗೆಳತಿಯರನ್ನು ಸೇರಿಸಿಕೊಳ್ಳಲಿ, ಅವರ ವಿಜ್ಞಾನ ಶಿಕ್ಷಕರನ್ನು ಕೇಳಲಿ. ಶಿಕ್ಷಕರಿಗೆ ಅರ್ಜಿ ತುಂಬುವುದರಲ್ಲೋ ಸಾಫ್ಟ್‌ವೇರ್ ಹಾಕುವುದರಲ್ಲೋ ತೊಡಕಾದರೆ ಇಲ್ಲೇ ಕೆಳಗೆ ಬರೆಯಿರಿ, ಹಂತ ಹಂತವಾಗಿ ಹೇಳಿಕೊಡುತ್ತೇನೆ.