ಓದುಗರ ಪ್ರಶ್ನೆ: ತೈಲವರ್ಣ ಚಿತ್ರಗಳಿಗೆ ಅಂಕ ಕೊಡುವುದು ಹೇಗೆ?

ಪ್ರಶ್ನೆ: ಮಾನ್ಯರೇ, ಬಹಳ ಕಾಲದಿಂದ ತೈಲವರ್ಣದಲ್ಲಿ ಚಿತ್ರ ಬರೆಯುತ್ತಿರುವ ನನ್ನನ್ನು ಸ್ಪರ್ಧೆಯೊಂದರ ಮೂವರು ತೀರ್ಪುಗಾರರಲ್ಲಿ ಒಬ್ಬನಾಗಲು ಮೊದಲ ಬಾರಿಗೆ ಕರೆದಿದ್ದಾರೆ. ಅಂಕಪಟ್ಟಿಯಲ್ಲಿ ರೇಖೆ, ವರ್ಣ, ಸಂಯೋಜನೆ, ತಂತ್ರ, ಸ್ವಂತಿಕೆ ಎಂಬ ಐದು ಅಂಶಗಳಿದ್ದು, ಒಂದೊಂದಕ್ಕೂ 20 ಅಂಕಗಳಿವೆ. ಮೂವರ ಸರಾಸರಿಯ ಮೇಲೆ ಬಹುಮಾನ ನಿರ್ಧಾರವಾಗುತ್ತದೆ. ಇದು ಸರಿಯಾದ ಕ್ರಮವೇ?

ಉತ್ತರ: ಅಂಕಪಟ್ಟಿ ಇರಲಿ, ಆದರೆ ಅದನ್ನು ಕೊನೆಗೆ ಕೈಗೆತ್ತಿಕೊಳ್ಳಿ. ತೈಲವರ್ಣದಲ್ಲಿ ಒಂದು ಕುಂಚದ ಎಳೆತವೇ ಆಕಾರ, ಛಾಯೆ (ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಎಂಬುದು), ಬಣ್ಣ ಮತ್ತು ಅಂಚು ಈ ನಾಲ್ಕನ್ನೂ ಒಟ್ಟಿಗೆ ನಿರ್ಧರಿಸುವುದರಿಂದ, ಅವುಗಳನ್ನು ಬೇರೆಬೇರೆ ಅಂಕಣಗಳಲ್ಲಿ ತೂಗಲು ಹೊರಟರೆ ಒಂದೇ ಗುಣಕ್ಕೆ ಎರಡೆರಡು ಸಲ ಅಂಕ ಕೊಡುತ್ತೇವೆ, ಇಲ್ಲವೇ ಒಂದೇ ದೋಷಕ್ಕೆ ಎರಡು ಸಲ ಕಳೆಯುತ್ತೇವೆ. ಸರಾಸರಿಯ ತೊಂದರೆ ಇನ್ನೂ ದೊಡ್ಡದು. ಒಂದು ಚಿತ್ರಕ್ಕೆ ಮೂವರೂ 80 ಕೊಟ್ಟರೆನ್ನಿ. ಇನ್ನೊಂದಕ್ಕೆ ಒಬ್ಬರು 95, ಮತ್ತೊಬ್ಬರು 75, ಮೂರನೆಯವರು 60 ಕೊಟ್ಟರೆನ್ನಿ. ಯಾರನ್ನೂ ಕಾಡದ ಮೊದಲನೆಯದೇ ಗೆಲ್ಲುತ್ತದೆ. 1863ರಲ್ಲಿ ಪ್ಯಾರಿಸ್‌ನ ಅಧಿಕೃತ ಸಲೋನ್ ಪ್ರದರ್ಶನದ ತೀರ್ಪುಗಾರರು ಅಪಾರ ಸಂಖ್ಯೆಯ ಚಿತ್ರಗಳನ್ನು ತಿರಸ್ಕರಿಸಿದಾಗ ಎದ್ದ ಗದ್ದಲಕ್ಕೆ ಚಕ್ರವರ್ತಿ ಮೂರನೆಯ ನೆಪೋಲಿಯನ್ ತಿರಸ್ಕೃತರಿಗೇ ಪ್ರತ್ಯೇಕ ಪ್ರದರ್ಶನ ಏರ್ಪಡಿಸಬೇಕಾಯಿತು. ಇಂದು ಕಲಾ ಇತಿಹಾಸದ ಪುಟಗಳಲ್ಲಿರುವ ಫ್ರೆಂಚ್ ಚಿತ್ರಕಾರ ಎದ್ವಾರ್ ಮಾನೆಯ ವನಭೋಜನದ ಚಿತ್ರ ಜನರ ಕಣ್ಣಿಗೆ ಬಿದ್ದದ್ದು ಅಲ್ಲಿಯೇ. ಆದ್ದರಿಂದ ಅಂಕಗಳಲ್ಲಿ ದೊಡ್ಡ ಅಂತರ ಕಂಡ ಚಿತ್ರವನ್ನು ಸರಾಸರಿಗೆ ಒಪ್ಪಿಸದೆ, ಮೂವರೂ ಅದರ ಮುಂದೆ ನಿಂತು ಮಾತಾಡಬೇಕೆಂಬ ನಿಯಮವನ್ನು ಮೊದಲೇ ಮಾಡಿಕೊಳ್ಳಿ.

ಹೆಸರುಗಳನ್ನು ಮರೆಮಾಡಿರಬೇಕು, ನಿಮ್ಮ ಶಿಷ್ಯರ ಚಿತ್ರವಿದ್ದರೆ ಅದರ ತೀರ್ಪಿನಿಂದ ನೀವು ಹೊರಗುಳಿಯಬೇಕು. ಇದರಲ್ಲಿ ಚರ್ಚೆಗೇನೂ ಇಲ್ಲ. ಮೊದಲ ಸುತ್ತಿನಲ್ಲಿ ಲೇಖನಿಯನ್ನು ಬದಿಗಿಟ್ಟು, ಮಾತಿಲ್ಲದೆ ಎಲ್ಲ ಚಿತ್ರಗಳನ್ನೂ ನೋಡಿ ಬನ್ನಿ. ಎರಡನೆಯ ಸಲ ಕೊನೆಯ ಚಿತ್ರದಿಂದ ಆರಂಭಿಸಿ, ಏಕೆಂದರೆ ಮೊದಮೊದಲು ಕಂಡದ್ದಕ್ಕೆ ದೊರೆಯುವ ಗಮನ ಕೊನೆಕೊನೆಯ ಚಿತ್ರಗಳಿಗೆ ದೊರೆಯುವುದಿಲ್ಲ. ದೊಡ್ಡ ಗಾತ್ರದ ಕ್ಯಾನ್ವಾಸ್ ತನ್ನ ಗಾತ್ರದಿಂದಲೇ ಅರ್ಧ ಗೆದ್ದಿರುತ್ತದೆ ಎಂಬುದನ್ನೂ ನೆನಪಿಡಿ.

ಪ್ರತಿ ಚಿತ್ರವನ್ನೂ ಮೊದಲು ದೂರದಿಂದ, ಕಣ್ಣುಗಳನ್ನು ಅರ್ಧ ಮುಚ್ಚಿ ನೋಡಿ. ಆಗ ವಿವರಗಳು ಮಾಯವಾಗಿ ನೆರಳು ಬೆಳಕಿನ ದೊಡ್ಡ ಹರವುಗಳಷ್ಟೇ ಉಳಿಯುತ್ತವೆ. ಅವು ಪರಸ್ಪರ ಹೊಂದದೆ ಚೆಲ್ಲಾಪಿಲ್ಲಿಯಾಗಿದ್ದರೆ, ಹತ್ತಿರದಿಂದ ಕಾಣುವ ರೆಪ್ಪೆಗೂದಲಿನ ನಯಗಾರಿಕೆ ಆ ಚಿತ್ರವನ್ನು ಉಳಿಸಲಾರದು. ಅನಂತರ ಹತ್ತಿರ ಹೋಗಿ ಅಂಚುಗಳನ್ನು ಗಮನಿಸಿ. ಕಲಿಯುವವರು ಎಲ್ಲ ಅಂಚುಗಳನ್ನೂ ಒಂದೇ ಹರಿತದಲ್ಲಿ ಬರೆಯುತ್ತಾರೆ. ಪಳಗಿದ ಕೈ ನೋಟ ನಿಲ್ಲಬೇಕಾದೆಡೆ ಅಂಚನ್ನು ಚೂಪಾಗಿಸಿ, ಉಳಿದೆಡೆ ಹಿನ್ನೆಲೆಯೊಳಗೆ ಕರಗಿಸುತ್ತದೆ. ನೆರಳಿನ ಬಣ್ಣಕ್ಕೆ ಬಿಳಿ ಬೆರೆತು ಸುಣ್ಣದಂತೆ ಕಾಣುತ್ತಿದೆಯೇ, ಪದೇಪದೇ ಕಲಸಿದ್ದರಿಂದ ಬಣ್ಣ ಕೊಳೆಯಾಗಿದೆಯೇ ಎಂಬುದೂ ಅಲ್ಲಿ ತಿಳಿಯುತ್ತದೆ.

ಕೊನೆಗೆ ಪಕ್ಕಕ್ಕೆ ಸರಿದು ಓರೆಬೆಳಕಿನಲ್ಲಿ ನೋಡಿ. ಅಲ್ಲಲ್ಲಿ ಹೊಳಪು ಕಳೆದುಕೊಂಡ ಮಂಕು ತೇಪೆಗಳು ಕಂಡರೆ, ಅವು ಹೆಚ್ಚಾಗಿ ಮೇಲಿನ ಬಣ್ಣದ ಎಣ್ಣೆಯನ್ನು ಕೆಳಪದರ ಹೀರಿಕೊಂಡದ್ದರ ಫಲ; ಕಲಾವಿದ ಛಾಯೆಯನ್ನು ತಪ್ಪಾಗಿ ಅಳೆದನೆಂದು ಅದಕ್ಕೆ ಅಂಕ ಕಳೆಯುವುದು ಅನ್ಯಾಯ. ಬಿರುಕುಗಳ ವಿಷಯ ಬೇರೆ. ಕೆಳಗಿನ ಪದರಗಳಲ್ಲಿ ಎಣ್ಣೆ ಕಡಿಮೆಯಿದ್ದು ಮೇಲಕ್ಕೆ ಹೋದಂತೆ ಹೆಚ್ಚಬೇಕೆಂಬ ನಿಯಮ ಮುರಿದಾಗ, ಬೇಗ ಒಣಗಿದ ಮೇಲ್ಪದರ ಇನ್ನೂ ಅಲುಗುತ್ತಿರುವ ಕೆಳಪದರದ ಮೇಲೆ ಒಡೆಯುತ್ತದೆ. ತಂತ್ರದ ಅಂಕ ನಿಜಕ್ಕೂ ಅನ್ವಯವಾಗುವುದು ಇಂಥಲ್ಲಿ.

ಪ್ರಶ್ನೆ: ಫೋಟೊ ನೋಡಿ ಬರೆದ ಚಿತ್ರವನ್ನು ಸ್ಪರ್ಧೆಯಿಂದ ಹೊರಗಿಡಬೇಕೆ?

ಉತ್ತರ: ಪ್ರಕಟಿತ ನಿಯಮ ಅದನ್ನು ನಿಷೇಧಿಸದಿದ್ದರೆ ಹೊರಗಿಡಲು ತೀರ್ಪುಗಾರರಿಗೆ ಅಧಿಕಾರವಿಲ್ಲ. ಆದರೆ ಫೋಟೊದ ದೋಷಗಳನ್ನೂ ನಕಲು ಮಾಡಿದ್ದರೆ ಅದು ಚಿತ್ರದ ದೋಷವೇ: ನೆರಳುಗಳೊಳಗೆ ಬಣ್ಣವೇ ಇಲ್ಲದ ಕಪ್ಪು, ವಿವರವೆಲ್ಲ ಅಳಿಸಿಹೋದ ಬಿಳಿ ಬೆಳಕು, ಲೆನ್ಸ್‌ಗೆ ಹತ್ತಿರವಿದ್ದದ್ದರಿಂದ ಅಳತೆ ಮೀರಿ ಬೆಳೆದ ಮೂಗು ಅಥವಾ ಕೈ. ಬೇರೊಬ್ಬರ ಫೋಟೊವನ್ನು ಅನುಮತಿಯಿಲ್ಲದೆ ಬಳಸಿದ್ದು ಖಚಿತವಾದರೆ ಸ್ವಂತಿಕೆಯ ಪ್ರಶ್ನೆಯನ್ನು ಸಂಘಟಕರ ಮುಂದಿಡಿ. ಕ್ಯಾನ್ವಾಸ್ ಮೇಲೆ ಮುದ್ರಿಸಿ, ಮೇಲಿಂದ ಒಂದಿಷ್ಟು ಬಣ್ಣ ಬಳಿದು ಕಳಿಸುವವರೂ ಇದ್ದಾರೆ. ಬಣ್ಣ ತೆಳುವಾಗಿರುವ ಕಡೆ ಭೂತಗನ್ನಡಿ ಹಿಡಿದರೆ ಮುದ್ರಣದ ಸಣ್ಣ ಚುಕ್ಕೆಗಳು ಹೊರಬೀಳುತ್ತವೆ.

ಪ್ರಶ್ನೆ: ನಾನು ಸ್ಪರ್ಧಿ. ಚಿತ್ರ ಮುಗಿಸಿ ಎರಡು ವಾರಗಳಾಗಿವೆ. ತೀರ್ಪುಗಾರರಿಗೆ ಬಣ್ಣ ಗಾಢವಾಗಿ ಕಾಣಲೆಂದು ವಾರ್ನಿಷ್ ಹಚ್ಚಬಹುದೇ?

ಉತ್ತರ: ಹಚ್ಚಬೇಡಿ. ತೈಲವರ್ಣದಲ್ಲಿ ಬೆರೆತಿರುವ ಅಗಸೆ ಎಣ್ಣೆ ಆವಿಯಾಗಿ ಒಣಗುವುದಿಲ್ಲ; ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದಿರುವಷ್ಟು ಒಣಗಿದ ಮೇಲೂ ಒಳಗೆ ಆ ಕ್ರಿಯೆ ತಿಂಗಳುಗಟ್ಟಲೆ ನಡೆಯುತ್ತಿರುತ್ತದೆ. ಅಂತಿಮ ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯುವುದು ರೂಢಿ. ದಪ್ಪವಾಗಿ ಬಣ್ಣ ಮೆತ್ತಿದ್ದರೆ ಇನ್ನೂ ಹೆಚ್ಚು. ಮಂಕಾದ ಜಾಗಗಳು ತೀರಾ ಕಣ್ಣಿಗೆ ಹೊಡೆಯುವಂತಿದ್ದರೆ, ಮೇಲ್ಮೈ ಅಂಟದಷ್ಟು ಒಣಗಿರುವುದನ್ನು ಖಚಿತಪಡಿಸಿಕೊಂಡು, ರಿಟಚಿಂಗ್ ವಾರ್ನಿಷ್ ಎಂದು ಸಿಗುವ ತೆಳು ದ್ರವವನ್ನು ಒಂದೇ ಪದರ ಸವರಿ. ಕಳಿಸುವಾಗ ಚಿತ್ರದ ಮೇಲೆ ಪ್ಲಾಸ್ಟಿಕ್ ಹಾಳೆ ತಾಗದಂತೆ ಮೂಲೆಗಳಲ್ಲಿ ಕಾರ್ಕ್ ತುಂಡುಗಳನ್ನಿಟ್ಟು ಕಟ್ಟಿ, ಒಣಗಿದ ದಿನಗಳ ಲೆಕ್ಕವನ್ನು ಹಿಂಬದಿಯ ಚೀಟಿಯಲ್ಲಿ ಬರೆಯಿರಿ.